‘ಡೆವಿಲ್ಟ್ರಿ’ ಎಂಬ ಪದದ ಬೇರು ಹಿಡಿಯುವ ಬಗೆ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಂಜೆ ಹೊತ್ತು ಅನುವಾದ ಹೇಳಿಕೊಡುವಾಗ ಒಮ್ಮೆ ಚಿಕ್ಕದೊಂದು ಇಂಗ್ಲಿಷ್ ಕಥೆ ಕೊಟ್ಟಿದ್ದೆ. ಹಳ್ಳಿಯ ಹುಡುಗರು ರಾತ್ರೋರಾತ್ರಿ ಗೌಡರ ಎತ್ತಿನ ಗಾಡಿಯ ಚಕ್ರ ಬಿಚ್ಚಿ ಬಾವಿಕಟ್ಟೆಯ ಮೇಲೆ ಇಟ್ಟುಬಂದ ಪ್ರಸಂಗವದು. ಕೊನೆಯ ಸಾಲಿನಲ್ಲಿ ಆ ಕೆಲಸವನ್ನು ‘ಡೆವಿಲ್ಟ್ರಿ’ ಎಂದು ಕರೆದಿತ್ತು. ಆಳಂದ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಅದನ್ನು ‘ಪೈಶಾಚಿಕ ಕೃತ್ಯ’ ಎಂದು ಬರೆದಳು. ಹಿಂದಿನ ಸಾಲಿನ ಹುಡುಗನೊಬ್ಬ ‘ದೈವಲೀಲೆ’ ಎಂದು ಬರೆದದ್ದಲ್ಲದೆ, “ಸರ್, ಡೆವಿಲ್ ಅಂಬೋದು ನಮ್ಮ ದೇವ ಶಬ್ದದಿಂದೇ ಬಂದದಲ್ರಿ, ಕೇಳಿದ್ರನ ಗೊತ್ತಾಗ್ತದ” ಎಂದು ವಾದಕ್ಕೂ ನಿಂತ.

ಇಬ್ಬರೂ ತಪ್ಪಿದ್ದರು, ಆದರೆ ಒಂದೇ ಕಾರಣಕ್ಕಲ್ಲ. ಹುಡುಗಿ ಮೊಬೈಲಿನಲ್ಲಿ ಮೊದಲು ಕಂಡ ಅರ್ಥವನ್ನು ಎತ್ತಿಕೊಂಡಿದ್ದಳು, ಹುಡುಗ ಕಿವಿಯನ್ನು ನಂಬಿದ್ದ. ಇಂಗ್ಲಿಷ್ ಪದವೊಂದರ ಅರ್ಥವನ್ನೂ ಹುಟ್ಟನ್ನೂ ತಾವಾಗಿಯೇ ಹುಡುಕಿಕೊಳ್ಳಬೇಕೆನ್ನುವ ಓದುಗರಿಗೆ ಈ ಎರಡೂ ತಪ್ಪುಗಳನ್ನು ದಾಟುವ ದಾರಿಯನ್ನು ಇದೇ ಪದ ಹಿಡಿದು ತೋರಿಸುತ್ತೇನೆ. ಬೇಕಾಗುವ ಸಾಮಗ್ರಿ ಹೆಚ್ಚೇನೂ ಇಲ್ಲ: ಪದದ ಮೂಲವನ್ನೂ ಕೊಡುವ ಒಂದು ಇಂಗ್ಲಿಷ್ ನಿಘಂಟು, ಒಂದು ಇಂಗ್ಲಿಷ್–ಕನ್ನಡ ನಿಘಂಟು, ಸಾಧ್ಯವಾದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು, ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್ಕು.

ಮೊದಲ ಹೆಜ್ಜೆ: ವಾಕ್ಯವನ್ನು ಇಡಿಯಾಗಿ ಬರೆದುಕೊಳ್ಳಿ

ನಿಘಂಟು ತೆರೆಯುವ ಮೊದಲೇ ಪದ ಬಂದಿರುವ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಆ ಕೆಲಸ ಮಾಡಿದವರು ಯಾರು, ಅದರಿಂದ ಯಾರಿಗೆ ಎಷ್ಟು ಕೇಡಾಯಿತು, ಹೇಳುತ್ತಿರುವವರ ದನಿಯಲ್ಲಿ ಸಿಟ್ಟಿದೆಯೋ ನಗೆಯಿದೆಯೋ ಎಂಬ ಮೂರು ಪ್ರಶ್ನೆಗಳಿಗೆ ಪಕ್ಕದಲ್ಲೇ ಉತ್ತರ ಬರೆಯಿರಿ. ‘ಡೆವಿಲ್ಟ್ರಿ’ಗೆ ಇದು ಬೇಕೇಬೇಕು, ಏಕೆಂದರೆ ಆ ಪದಕ್ಕೆ ಎರಡು ತೂಕಗಳಿವೆ. ಭಾರವಾದ ಅರ್ಥದಲ್ಲಿ ಅದು ಸೈತಾನನಿಗೇ ತಕ್ಕಂಥ ಕ್ರೌರ್ಯ, ಬೇಕೆಂದೇ ಮಾಡುವ ಘೋರ ದುಷ್ಟತನ. ಹಗುರವಾದ ಅರ್ಥದಲ್ಲಿ ಬರೀ ಕಿತಾಪತಿ, ಹಿರಿಯರು ಬೈಯುತ್ತಲೇ ಒಳಗೊಳಗೆ ನಗುವ ತುಂಟಾಟ. ಇವೆರಡರ ನಡುವೆ ಮಾಟಮಂತ್ರವೆಂಬ ಹಳೆಯ ಅರ್ಥವೂ ಉಂಟು. ನಿಘಂಟುಗಳು ಮೂರನ್ನೂ ಒಂದರ ಕೆಳಗೊಂದು ಅಚ್ಚು ಮಾಡಿರುತ್ತವೆ, ನಿಮ್ಮ ವಾಕ್ಯಕ್ಕೆ ಯಾವುದು ಹೊಂದುತ್ತದೆಂದು ಅವು ಹೇಳಲಾರವು. ಗಾಡಿಯ ಚಕ್ರ ಬಾವಿಕಟ್ಟೆ ಏರಿದ್ದರಿಂದ ಗೌಡರಿಗೆ ಆದ ನಷ್ಟ ಅರ್ಧ ದಿನದ ಕೆಲಸ ಮಾತ್ರ. ಅಲ್ಲಿ ಪೈಶಾಚಿಕತೆ ಇಲ್ಲ.

ಎರಡನೆಯ ಹೆಜ್ಜೆ: ಪದವನ್ನು ಬಿಡಿಸಿ

‘ಡೆವಿಲ್ಟ್ರಿ’ಯ ಮುಂಭಾಗ ‘ಡೆವಿಲ್’ ಎಂಬುದು ಎದ್ದು ಕಾಣುತ್ತದೆ. ಉಳಿದ ಬಾಲ ಫ್ರೆಂಚ್ ಮೂಲದ ಪ್ರತ್ಯಯ. ‘ರಾಬರಿ’, ‘ಸ್ಲೇವರಿ’, ‘ಬ್ರೇವರಿ’ಗಳ ತುದಿಯಲ್ಲಿರುವುದೂ ಅದೇ. ನಮ್ಮ ‘ತನ’ವನ್ನು ನೆನೆದರೆ ಇದರ ಕೆಲಸ ಬೇಗ ತಿಳಿಯುತ್ತದೆ: ‘ಕಳ್ಳತನ’ ಎಂದರೆ ಕಳ್ಳ ಮಾಡುವ ಕೆಲಸ, ‘ಬಡತನ’ ಎಂದರೆ ಬಡವನ ಸ್ಥಿತಿ, ‘ಹುಡುಗತನ’ ಎಂದರೆ ಹುಡುಗರ ಸ್ವಭಾವ. ಇಂಗ್ಲಿಷಿನ ಈ ಪ್ರತ್ಯಯವೂ ಹಾಗೆಯೇ ಕೆಲಸ, ಸ್ಥಿತಿ, ಸ್ವಭಾವಗಳೆಲ್ಲಕ್ಕೂ ಒದಗುತ್ತದೆ.

ಇನ್ನು ನಡುವೆ ನುಸುಳಿರುವ ಟಕಾರದ ವಿಚಾರ. 14ನೇ ಶತಮಾನದಿಂದ ಇಂಗ್ಲಿಷಿನಲ್ಲಿದ್ದ ರೂಪ ‘ಡೆವಿಲ್ರಿ’, ಅದರಲ್ಲಿ ಟಕಾರವಿಲ್ಲ. ‘ಡೆವಿಲ್ಟ್ರಿ’ ಅದರ ಮಾರ್ಪಟ್ಟ ರೂಪ, ಬರಹದಲ್ಲಿ ಕಾಣಿಸಿಕೊಂಡದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ‘ಗ್ಯಾಲಂಟ್ರಿ’, ‘ಪೆಡಂಟ್ರಿ’ ಎಂಬಲ್ಲಿ ಟಕಾರ ಮೂಲಪದದ್ದೇ. ಅವುಗಳ ಜೊತೆ ಪಂಕ್ತಿಗೆ ಕೂತು ‘ಡೆವಿಲ್ರಿ’ಯೂ ಒಂದು ಟಕಾರ ಬಡಿಸಿಕೊಂಡಿತೆಂದು ತಿಳಿದರೆ ತಪ್ಪಾಗಲಾರದು. ಹಾಗಾಗಿ ‘ಟ್ರಿ’ ಎಂಬುದಕ್ಕೆ ಬೇರೆ ಅರ್ಥ ಹುಡುಕುತ್ತ ಕೂರಬೇಡಿ. ಇದೇ ಕುಟುಂಬದ ‘ದ್ಯಾಬ್ಲರಿ’ ಎಂಬ ಮೂರನೆಯ ಪದವನ್ನು ಇಂಗ್ಲಿಷ್ 18ನೇ ಶತಮಾನದಲ್ಲಿ ಫ್ರೆಂಚಿನಿಂದ ನೇರವಾಗಿ ಎತ್ತಿಕೊಂಡಿತು. ಮಧ್ಯಯುಗದ ಫ್ರೆಂಚ್ ಧಾರ್ಮಿಕ ನಾಟಕಗಳಲ್ಲಿ ಸೈತಾನನ ಬಳಗ ರಂಗಕ್ಕೆ ನುಗ್ಗಿ ಗದ್ದಲವೆಬ್ಬಿಸುವ ದೃಶ್ಯಕ್ಕೆ ಆ ಹೆಸರಿತ್ತು. ನಮ್ಮ ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಪ್ರವೇಶಿಸುವಾಗಿನ ಅಬ್ಬರವನ್ನು, ಮುಂದೆ ಕುಳಿತ ಮಕ್ಕಳು ಹೆದರುತ್ತಲೇ ಕೇಕೆ ಹಾಕುವುದನ್ನು ಕಂಡವರಿಗೆ, ಘೋರವೂ ತಮಾಷೆಯೂ ಒಂದೇ ಪದದೊಳಗೆ ಹೇಗೆ ಸೇರಿಕೊಂಡವೆಂದು ಬೇರೆ ವಿವರಿಸಬೇಕಿಲ್ಲ.

ಮೂರನೆಯ ಹೆಜ್ಜೆ: ಒಂದೊಂದೇ ಮೆಟ್ಟಿಲು ಇಳಿಯಿರಿ

ಪದಮೂಲ ಕೊಡುವ ನಿಘಂಟುಗಳಲ್ಲಿ ಅರ್ಥದ ಹಿಂದೆಯೋ ಮುಂದೆಯೋ ಚೌಕ ಕಂಸದೊಳಗೆ ಭಾಷೆಗಳ ಹೆಸರನ್ನು ಮೊಟಕುಗೊಳಿಸಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಹೊಸದರಿಂದ ಹಳೆಯದಕ್ಕೆ ಸಾಗುವ ಸಾಲು. ಅವಸರದಲ್ಲಿ ಕೊನೆಯ ಭಾಷೆಗೆ ನೆಗೆಯದೆ ಪ್ರತಿ ಮೆಟ್ಟಿಲಿನಲ್ಲೂ ನಿಂತು, ಅಲ್ಲಿ ಪದದ ರೂಪವೇನು, ಅರ್ಥವೇನು ಎಂದು ಪ್ರತ್ಯೇಕವಾಗಿ ಬರೆದುಕೊಳ್ಳಿ.

‘ಡೆವಿಲ್’ ಹಳೆಯ ಇಂಗ್ಲಿಷಿನಲ್ಲಿ ‘ದೇಓಫೊಲ್’ ಎಂದಿತ್ತು. ನಡುವಿನ ಫಕಾರ ಬರಹಕ್ಕಷ್ಟೆ, ಎರಡು ಸ್ವರಗಳ ನಡುವೆ ಅದನ್ನು ವಕಾರವಾಗಿಯೇ ನುಡಿಯುತ್ತಿದ್ದರು. ಇಂದಿನ ‘ವಿ’ ಬಂದದ್ದು ಅಲ್ಲಿಂದ. ಅದರ ಕೆಳಗಿನ ಮೆಟ್ಟಿಲು ಚರ್ಚಿನ ಲ್ಯಾಟಿನ್ನಿನ ‘ದಿಯಾಬೊಲುಸ್’. ಕ್ರೈಸ್ತ ಧರ್ಮದ ಜೊತೆಗೆ ಯುರೋಪಿನ ಉತ್ತರದ ಭಾಷೆಗಳಿಗೆ ಹರಡಿದ ಪದಗಳಲ್ಲಿ ಇದೂ ಒಂದು. ಅದರ ಕೆಳಗೆ ಗ್ರೀಕಿನ ‘ದಿಯಾಬೊಲೊಸ್’. ಇಲ್ಲಿ ನಿಂತು ಅರ್ಥ ನೋಡಿದರೆ ಕೊಂಬು, ಬಾಲ, ಬೆಂಕಿ ಯಾವುದೂ ಕಾಣುವುದಿಲ್ಲ. ‘ದಿಯಾಬೊಲೊಸ್’ ಎಂದರೆ ಚಾಡಿಕೋರ, ಇನ್ನೊಬ್ಬರ ಮೇಲೆ ಸುಳ್ಳು ಆರೋಪ ಹೊರಿಸುವವನು. ಅದನ್ನೂ ಬಿಡಿಸಿದರೆ ‘ದಿಯಾ’ ಎಂದರೆ ಅಡ್ಡಲಾಗಿ, ‘ಬಾಲ್ಲೆಯ್ನ್’ ಎಂದರೆ ಎಸೆಯುವುದು. ಇಬ್ಬರ ನಡುವೆ ಮಾತನ್ನು ಅಡ್ಡ ಎಸೆದು ಮನಸ್ಸು ಮುರಿಯುವವನು ಎಂದಾಯಿತು. ನಮ್ಮ ಹಳ್ಳಿಗಳಲ್ಲಿ ‘ಹುಳಿ ಹಿಂಡುವವನು’ ಎನ್ನುವುದೂ ಇಂಥವನನ್ನೇ.

ಊರ ಚಾಡಿಕೋರ ಸೈತಾನನಾದದ್ದು ಅನುವಾದಕರ ಕೈಯಲ್ಲಿ, ಅನುವಾದ ಕಲಿಯುವವರು ಈ ಮೆಟ್ಟಿಲಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕ್ರಿಸ್ತಪೂರ್ವ 3ನೇ ಶತಮಾನದಿಂದ ಹೀಬ್ರೂ ಧರ್ಮಗ್ರಂಥಗಳು ಗ್ರೀಕಿಗೆ ಅನುವಾದಗೊಳ್ಳತೊಡಗಿದವು. ಹೀಬ್ರೂವಿನಲ್ಲಿ ‘ಸಾತಾನ್’ ಎಂದರೆ ಎದುರಾಳಿ, ಅಡ್ಡಗಟ್ಟುವವನು. ಯೋಬನ ಗ್ರಂಥದಲ್ಲಿ ಅವನು ದೇವರ ಸಭೆಯಲ್ಲೇ ಹಾಜರಿದ್ದು, ಯೋಬನ ಭಕ್ತಿ ಲಾಭಕ್ಕಾಗಿ ಎಂದು ಆರೋಪಿಸುತ್ತಾನೆ. ಸರ್ಕಾರಿ ವಕೀಲ ಎದ್ದು ನಿಂತ ಹಾಗಿದೆ ಆ ಪ್ರಸಂಗ. ಅಂಥ ‘ಸಾತಾನ್’ಗೆ ಗ್ರೀಕ್ ಅನುವಾದಕರು ‘ಆರೋಪ ಹೊರಿಸುವವನು’ ಎಂಬ ಮನೆಮಾತಿನ ಪದವನ್ನೇ ಆಯ್ದುಕೊಂಡರು. ಕ್ರೈಸ್ತ ಚಿಂತನೆಯಲ್ಲಿ ಸೈತಾನ ದುಷ್ಟಶಕ್ತಿಗಳ ಒಡೆಯನಾಗಿ ಬೆಳೆದಂತೆ ಆ ಪದದ ಮೇಲೂ ಭಾರ ಬಿತ್ತು, ಇಂಗ್ಲಿಷಿಗೆ ತಲುಪುವ ಹೊತ್ತಿಗೆ ಚಾಡಿಯ ನೆನಪು ಅಳಿಸಿಹೋಗಿತ್ತು.

ನಾಲ್ಕನೆಯ ಹೆಜ್ಜೆ: ಹೋಲುವ ಪದಗಳನ್ನು ಜರಡಿ ಹಿಡಿಯಿರಿ

ಈಗ ನನ್ನ ಹಿಂದಿನ ಸಾಲಿನ ಹುಡುಗನ ವಾದಕ್ಕೆ ಬರೋಣ. ‘ಡೆವಿಲ್’ಗೂ ‘ದೇವ’ಕ್ಕೂ ನಂಟಿದೆಯೆಂದು ನಂಬಿದವರು ಬಹಳ ಮಂದಿ ಇದ್ದಾರೆ, ‘ಈವಿಲ್’ಗೆ ಡಕಾರ ಸೇರಿ ‘ಡೆವಿಲ್’ ಆಯಿತೆನ್ನುವವರೂ ಇದ್ದಾರೆ. ಎರಡಕ್ಕೂ ಪರೀಕ್ಷೆ ಒಂದೇ: ಇಂದಿನ ರೂಪಗಳನ್ನು ಬಿಟ್ಟು, ಸಿಕ್ಕಷ್ಟು ಹಳೆಯ ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

‘ಈವಿಲ್’ನ ಹಳೆಯ ಇಂಗ್ಲಿಷ್ ರೂಪ ‘ಯುಫೆಲ್’, ಜರ್ಮನ್ನಿನಲ್ಲಿ ಅದರ ಬಂಧು ‘ಊಬೆಲ್’. ‘ಡೆವಿಲ್’ನ ಜರ್ಮನ್ ಬಂಧು ‘ಟಾಯ್ಫೆಲ್’. ಒಂದು ಜರ್ಮಾನಿಕ್ ಭಾಷೆಗಳ ಸ್ವಂತ ಆಸ್ತಿ, ಇನ್ನೊಂದು ಗ್ರೀಕಿನಿಂದ ತಂದ ಕಡ. ಇಂದು ಪ್ರಾಸಬದ್ಧವಾಗಿ ಕೇಳಿಸುತ್ತವೆ, ಅಷ್ಟೇ.

‘ದೇವ’ದ ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ಸಂಸ್ಕೃತದ ‘ದೇವ’ ಲ್ಯಾಟಿನ್ನಿನ ‘ದೆಉಸ್’ ಎಂಬುದರ ಸೋದರ. ಎರಡರ ಬೇರೂ ಹೊಳೆಯುವ ಆಕಾಶದ ಕಲ್ಪನೆಯಲ್ಲಿದೆ. ಆದರೆ ಸಂಸ್ಕೃತದ ದಕಾರಕ್ಕೆ ಇಂಗ್ಲಿಷಿನ ಸ್ವಂತ ಪದಗಳಲ್ಲಿ ಟಕಾರ ಬರುತ್ತದೆಂಬುದು ಯಾಕೋಬ್ ಗ್ರಿಮ್ 1822ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದ ಧ್ವನಿನಿಯಮಗಳಲ್ಲಿ ಒಂದು. ಕೈಬೆರಳಿನಲ್ಲೇ ಎಣಿಸಿ ನೋಡಬಹುದು: ದ್ವಿ ಎಂದರೆ ‘ಟೂ’, ದಶ ಎಂದರೆ ‘ಟೆನ್’, ದಂತ ಎಂದರೆ ‘ಟೂತ್’. ಹಾಗಾದರೆ ‘ದೇವ’ದ ಇಂಗ್ಲಿಷ್ ಬಂಧು ಟಕಾರದಿಂದ ಶುರುವಾಗಬೇಕು. ಅಂಥದೊಂದು ಪದ ಇದೆ, ಅದನ್ನು ನಾವು ವಾರಕ್ಕೊಮ್ಮೆ ಬಳಸುತ್ತೇವೆ. ಹಳೆಯ ಇಂಗ್ಲಿಷಿನಲ್ಲಿ ‘ಟೀವ್’ ಎಂಬ ದೇವತೆಯ ಹೆಸರಿತ್ತು. ಅವನ ದಿನವೇ ‘ಟ್ಯೂಸ್‌ಡೇ’. ಈ ಮಾತು ಹೇಳಿದಾಗ ಆ ಹುಡುಗ ಪೆನ್ನು ಕೆಳಗಿಟ್ಟು, “ಹಂಗಾದ್ರ ಮಂಗಳವಾರದಾಗ ದೇವರು ಅದಾನ, ಡೆವಿಲ್‌ನಾಗ ಇಲ್ಲ ಅಂತೀರೇನ್ರಿ?” ಎಂದ. ಅವನ ವಾಕ್ಯವನ್ನು ಅಂದಿನಿಂದ ನಾನೇ ತರಗತಿಯಲ್ಲಿ ಬಳಸುತ್ತಿದ್ದೇನೆ.

ಅವನ ಕಿವಿಯನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ದೇವರು ದೆವ್ವವಾಗುವ ದಾರಿಯೊಂದು ನಮ್ಮ ಸುತ್ತಲಿನ ಭಾಷೆಗಳಲ್ಲಿ ನಿಜವಾಗಿಯೂ ಇದೆ. ಕನ್ನಡದ ‘ದೆವ್ವ’ವನ್ನು ‘ದೈವ’ದ ತದ್ಭವವೆಂದೇ ಹೇಳುತ್ತಾರೆ; ಸೇಡಂ, ಗುರುಮಠಕಲ್ ಕಡೆ ಕಿವಿಗೆ ಬೀಳುವ ತೆಲುಗಿನ ‘ದಯ್ಯಂ’ ಕೂಡ ಅದೇ ಬಳ್ಳಿಯದು. ತದ್ಭವಗಳಿಗೆಂದೇ 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ಪ್ರಕರಣವೊಂದನ್ನು ಮೀಸಲಿಟ್ಟಿದ್ದಾನೆ. ರೂಪ ಬದಲಾದಂತೆ ಪದಗಳ ಮಾನವೂ ಏರಿಳಿಯುತ್ತದೆಂಬುದಕ್ಕೆ ‘ದೆವ್ವ’ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನು ಪ್ರಾಚೀನ ಇರಾನಿನಲ್ಲಿ, ‘ದೇವ’ಕ್ಕೆ ಸಂವಾದಿಯಾದ ‘ದಏವ’ ಎಂಬ ಪದ ತಿರಸ್ಕರಿಸಬೇಕಾದ ಕೆಟ್ಟ ಶಕ್ತಿಗಳಿಗೆ ಸಂದಿತು. ಪಾರಸಿಯ ‘ದೀವ್’, ಉರ್ದುವಿನ ‘ದೇವ್’ ಅದರ ಮುಂದುವರಿಕೆ. ಆದ್ದರಿಂದ ನಮ್ಮೂರಿನ ಒಂದೇ ಓಣಿಯಲ್ಲಿ ಕನ್ನಡದ ಅಜ್ಜಿ ಹೇಳುವ ಕಥೆಯಲ್ಲಿ ‘ದೇವ’ ವರ ಕೊಡುತ್ತಾನೆ, ಉರ್ದುವಿನ ಅಜ್ಜಿ ಹೇಳುವ ಕಥೆಯಲ್ಲಿ ‘ದೇವ್’ ರಾಜಕುಮಾರಿಯನ್ನು ಹೊತ್ತೊಯ್ಯುತ್ತಾನೆ. ಹುಡುಗ ಹಿಡಿದ ದಾರಿ ಸರಿಯಿತ್ತು, ಇಂಗ್ಲಿಷಿನ ‘ಡೆವಿಲ್’ ಮಾತ್ರ ಆ ದಾರಿಯಲ್ಲಿ ಬಂದವನಲ್ಲ.

ಐದನೆಯ ಹೆಜ್ಜೆ: ಒಡಹುಟ್ಟಿದವರನ್ನು ಕೂಡಿಹಾಕಿ

ಬೇರು ಸಿಕ್ಕ ಮೇಲೆ ಅದೇ ಬೇರಿನಿಂದ ಚಿಗುರಿದ ಬೇರೆ ಪದಗಳನ್ನು ಸೇರಿಸಿಕೊಂಡರೆ ನೆನಪಿನಲ್ಲಿ ನಿಲ್ಲುತ್ತದೆ. ‘ಎಸೆಯುವುದು’ ಎಂಬ ಆ ಗ್ರೀಕ್ ಧಾತುವಿನಿಂದಲೇ ‘ಬ್ಯಾಲಿಸ್ಟಿಕ್’ ಬಂದಿದೆ, ‘ಸಿಂಬಲ್’, ‘ಪ್ರಾಬ್ಲಮ್’, ‘ಪ್ಯಾರಬಲ್’, ‘ಮೆಟಬಾಲಿಸಂ’ ಬಂದಿವೆ. ‘ಪ್ರಾಬ್ಲಮ್’ ಎಂದರೆ ಮುಂದೆ ಎಸೆದದ್ದು, ‘ಸಿಂಬಲ್’ ಎಂದರೆ ಜೊತೆಗೂಡಿಸಿ ಎಸೆದದ್ದು, ‘ಪ್ಯಾರಬಲ್’ ಎಂದರೆ ಪಕ್ಕದಲ್ಲಿ ಎಸೆದದ್ದು, ಅಂದರೆ ಹೋಲಿಕೆಗೆಂದು ಇಟ್ಟ ಕಥೆ.

ಇದು ಬಾಯಿಪಾಠಕ್ಕೆ ಬಿಟ್ಟ ಪಟ್ಟಿಯಂತೆ ಕಂಡರೆ ನಮ್ಮ ‘ಕ್ಷಿಪ್’ ಧಾತುವನ್ನು ಎದುರಿಗಿಟ್ಟುಕೊಳ್ಳಿ. ಸಂಸ್ಕೃತದಲ್ಲಿ ಅದರ ಅರ್ಥವೂ ಎಸೆಯುವುದೇ. ಎಸೆಯುವ ಅಸ್ತ್ರ ‘ಕ್ಷಿಪಣಿ’. ‘ಬ್ಯಾಲಿಸ್ಟಿಕ್ ಕ್ಷಿಪಣಿ’ ಎಂದು ಪತ್ರಿಕೆಯಲ್ಲಿ ಓದುವಾಗ ಗ್ರೀಕಿನ ಎಸೆತವೂ ಸಂಸ್ಕೃತದ ಎಸೆತವೂ ಜೋಡಿಯಾಗಿ ಬಂದಿರುತ್ತವೆ. ಒಟ್ಟಿಗೆ ಎಸೆದು ಚಿಕ್ಕದಾಗಿಸಿದ್ದು ‘ಸಂಕ್ಷೇಪ’, ಒಳಗಿಟ್ಟದ್ದು ‘ನಿಕ್ಷೇಪ’. ವಾಡಿ, ಶಹಾಬಾದಿನ ಸುಣ್ಣಕಲ್ಲಿನ ನಿಕ್ಷೇಪದ ಸುದ್ದಿ ಓದುವಾಗಲೂ ಇದೇ ಧಾತು. ಹಾಗೆಯೇ ಒಬ್ಬರ ಮೇಲೆ ಎಸೆಯುವ ಮಾತು ‘ಆಕ್ಷೇಪ’. ದೂರು, ನಿಂದೆ, ಆರೋಪ ಎಂಬ ಅರ್ಥಗಳೆಲ್ಲ ಅದಕ್ಕಿವೆ. ಗ್ರೀಕರು ‘ಎಸೆ’ ಎಂಬುದರಿಂದ ಆರೋಪಕ್ಕೆ ಹೇಗೆ ತಲುಪಿದರೋ ನಮ್ಮವರೂ ಹಾಗೆಯೇ ತಲುಪಿದ್ದಾರೆ. ‘ದಿಯಾಬೊಲೊಸ್’ನನ್ನು ಕನ್ನಡಕ್ಕೆ ಅಂಗಾಂಗ ಬಿಡಿಸಿ ತಂದರೆ ‘ಆಕ್ಷೇಪಕ’ನೆಂಬ ಸಭ್ಯ ಹೆಸರೇ ಸಿಗುತ್ತದೆ. ಸರ್ಕಾರಿ ಪ್ರಕಟಣೆಗಳಲ್ಲಿ ‘ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು’ ಎಂದು ಓದಿದಾಗ ನನಗೆ ಈಗ ತಡೆಯಲಾಗದೆ ನಗು ಬರುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಇರಲಿ. ಮೂಲದಲ್ಲಿ ಚಾಡಿಯಿತ್ತೆಂದು ‘ಡೆವಿಲ್ಟ್ರಿ’ಯನ್ನು ‘ಚಾಡಿಕೋರತನ’ವೆಂದು ಅನುವಾದಿಸಿದರೆ ಅದು ಪಾಂಡಿತ್ಯವಲ್ಲ, ತಪ್ಪು. ಪದ ಎಲ್ಲಿ ಹುಟ್ಟಿತೆಂಬುದು ಒಂದು ವಿಚಾರ, ಇವತ್ತು ಬಳಸುವವರು ಅದರಿಂದ ಏನು ಹೇಳುತ್ತಿದ್ದಾರೆಂಬುದು ಇನ್ನೊಂದು. ‘ದೆವ್ವ’ ಎಂದವರನ್ನು ತಡೆದು ‘ನೀವು ಹೇಳಿದ್ದು ದೈವ’ ಎಂದು ತಿದ್ದಹೊರಟರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಆರನೆಯ ಹೆಜ್ಜೆ: ಓಣಿಯ ಮಾತಿಗೆ ಕಿವಿಗೊಡಿ

ಕಲಬುರಗಿ, ಬೀದರ, ಯಾದಗಿರಿಯ ಓದುಗರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. 1347ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿದ ಬಹಮನಿ ಅರಸರ ಕಾಲದಿಂದ, 1472ರಲ್ಲಿ ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಎದ್ದ ಕಾಲದಿಂದ, ಅರಬ್ಬಿ–ಪಾರಸಿಯ ಪದಗಳು ಇಲ್ಲಿನ ಗಾಳಿಯಲ್ಲೇ ಇವೆ. ಅರಬ್ಬಿಯ ‘ಶೈತಾನ್’ ಹೀಬ್ರೂವಿನ ‘ಸಾತಾನ್’ನ ಬಂಧು. ಕುರ್‌ಆನಿನಲ್ಲಿ ಬರುವ ‘ಇಬ್ಲೀಸ್’ ಎಂಬ ಹೆಸರು ಗ್ರೀಕಿನ ‘ದಿಯಾಬೊಲೊಸ್’ನಿಂದಲೇ ಬಂದಿರಬೇಕೆಂದು ಪಾಶ್ಚಾತ್ಯ ಭಾಷಾವಿದ್ವಾಂಸರಲ್ಲಿ ಅನೇಕರು ಹೇಳುತ್ತಾರೆ, ಸಾಂಪ್ರದಾಯಿಕ ಅರಬ್ಬಿ ನಿಘಂಟುಕಾರರು ಅದನ್ನು ‘ನಿರಾಶನಾಗು’ ಎಂಬ ಅರ್ಥದ ಅರಬ್ಬಿ ಧಾತುವಿಗೆ ಜೋಡಿಸುತ್ತಾರೆ. ಮೊದಲಿನ ಮಾತು ನಿಜವಾದರೆ ‘ಡೆವಿಲ್’, ‘ಇಬ್ಲೀಸ್’ ಎರಡೂ ಒಂದೇ ಗರ್ಭದ ಮಕ್ಕಳು.

ನಮಗೆ ಬೇಕಾದದ್ದು ಇದಕ್ಕಿಂತ ಸರಳವಾದದ್ದು. ಉರ್ದುವಿನ ‘ಶೈತಾನಿ’ಗೆ ಘೋರ ದುಷ್ಟತನವೆಂಬ ಅರ್ಥವೂ ಇದೆ, ಮಕ್ಕಳ ಕಿಡಿಗೇಡಿತನವೆಂಬ ಅರ್ಥವೂ ಇದೆ, ‘ಡೆವಿಲ್ಟ್ರಿ’ಯ ಎರಡು ತೂಕಗಳು ಇಲ್ಲಿ ಹಾಗೆಯೇ ಸಿಗುತ್ತವೆ. “ಈ ಹುಡುಗ ಭಾಳ ಶೈತಾನ ಅದಾನ” ಎಂದು ತಾಯಿಯೊಬ್ಬಳು ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವಾಗ ಅವಳ ದನಿಯಲ್ಲಿರುವುದು ಹೆಮ್ಮೆಯೇ ಹೊರತು ದೂರಲ್ಲ. ಇಂಗ್ಲಿಷ್ ಪದದ ಹಗುರ ಅರ್ಥ ಹಿಡಿಯಲು ನಿಘಂಟಿಗಿಂತ ಆ ದನಿಯೇ ಹೆಚ್ಚು ನೆರವಾಗುತ್ತದೆ.

ಏಳನೆಯ ಹೆಜ್ಜೆ: ಕನ್ನಡ ಪದ ಆರಿಸಿ

ಭಾರವಾದ ಅರ್ಥಕ್ಕೆ ‘ಪೈಶಾಚಿಕತೆ’ ಪತ್ರಿಕೆಗಳಲ್ಲಿ ಸವೆದುಹೋಗಿದ್ದರೂ ಸಲ್ಲುತ್ತದೆ. ‘ರಾಕ್ಷಸೀ ಕೃತ್ಯ’ ಎಂದರೆ ಕ್ರೌರ್ಯದ ಜೊತೆ ಗಾತ್ರ, ಬಲಗಳ ಸೂಚನೆಯೂ ಬರುತ್ತದೆ, ‘ಡೆವಿಲ್ಟ್ರಿ’ಯಲ್ಲಿ ಅದಿಲ್ಲ. ಸದ್ದಿಲ್ಲದೆ ಕೇಡೆಸಗುವ ಬುದ್ಧಿಯನ್ನು ಹೇಳಬೇಕಾದರೆ ‘ಕೇಡಿಗತನ’ ನನಗೆ ಹೆಚ್ಚು ಇಷ್ಟ. ಹಗುರ ಅರ್ಥಕ್ಕೆ ‘ಕಿತಾಪತಿ’, ‘ಕಿಡಿಗೇಡಿತನ’, ‘ತುಂಟಾಟ’ಗಳಲ್ಲಿ ಸಂದರ್ಭಕ್ಕೆ ತಕ್ಕದ್ದನ್ನು ಆಯಬಹುದು.

ಮಾಟಮಂತ್ರದ ಅರ್ಥ ಬಂದಾಗ ಮಾತ್ರ ಕೈ ಬಿಗಿಹಿಡಿಯಿರಿ. ನಮ್ಮ ಭಾಗದವರ ಬಾಯಿಗೆ ತಟ್ಟನೆ ಬರುವ ಪದ ‘ಭಾನಾಮತಿ’. ಅದು ಕಥೆಯ ಅಲಂಕಾರವಲ್ಲ. ಆ ಹೆಸರು ಹೊರಿಸಿ ಹೆಂಗಸರನ್ನು ಹೊಡೆದದ್ದು, ಊರು ಬಿಡಿಸಿದ್ದು ಈ ಜಿಲ್ಲೆಗಳಲ್ಲಿ ನಡೆದಿದೆ. ವಾಮಾಚಾರ ತಡೆಗೆ ರಾಜ್ಯ 2017ರಲ್ಲಿ ಕಾಯ್ದೆ ಮಾಡಬೇಕಾಗಿ ಬಂದದ್ದೂ ಇಂಥ ಆಚರಣೆಗಳ ಹಿನ್ನೆಲೆಯಲ್ಲೇ. ಯುರೋಪಿನ ಕಥೆಯೊಂದರ ‘ಡೆವಿಲ್ಟ್ರಿ’ಗೆ ‘ಭಾನಾಮತಿ’ ಎಂದು ಬರೆದರೆ ಓದುಗರಿಗೆ ಕಾಣುವುದು ಆ ಕಥೆಯಲ್ಲ, ತಮ್ಮ ಊರಿನ ಯಾವುದೋ ಮನೆ. ಅಲ್ಲಿ ‘ಮಾಟ’, ‘ಕ್ಷುದ್ರವಿದ್ಯೆ’ ಎಂದರೆ ಸಾಕು.

ಕೊನೆಯದಾಗಿ, ಹುಡುಕಿದ್ದನ್ನೆಲ್ಲ ಅರ್ಧ ಪುಟಕ್ಕೆ ಇಳಿಸಿ ದಾಖಲಿಸಿ. ಆಳಂದದ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ಆ ಪುಟ ಹೀಗಿದೆ:

ಡೆವಿಲ್ಟ್ರಿ, ನಾಮಪದ. ಹಳೆಯ ರೂಪ ಡೆವಿಲ್ರಿ, ಟಕಾರ ಆಮೇಲೆ ಸೇರಿದ್ದು. ಡೆವಿಲ್, ದೇಓಫೊಲ್, ದಿಯಾಬೊಲುಸ್, ದಿಯಾಬೊಲೊಸ್. ಬೇರು: ಅಡ್ಡ ಎಸೆ. ಹೋಲಿಸಿ: ಆಕ್ಷೇಪ. ನಂಟಿಲ್ಲದವು: ದೇವ, ಈವಿಲ್. ಅರ್ಥ ಒಂದು: ಘೋರ ದುಷ್ಟತನ. ಎರಡು: ಕಿತಾಪತಿ, ಶೈತಾನಿ. ಮೂರು: ಮಾಟ. ನನ್ನ ವಾಕ್ಯಕ್ಕೆ ಎರಡನೆಯದು: ‘ಗೌಡರ ಗಾಡಿಯ ಚಕ್ರ ಬಾವಿಕಟ್ಟೆ ಏರಿದ್ದು ಆ ಹುಡುಗರದೇ ಕಿತಾಪತಿ.’